ವರ್ನೆಲ್ ಹೊಡೆದ ಮೊಳೆಗಳು

ವರ್ನೆಲ್ ಹಚಿನ್ಸ್ ನಮ್ಮ ಕಚೇರಿಗೆ ಬಂದದ್ದು ಸರೋವರದ ದಂಡೆಯ ಉಕ್ಕಿನ ಕಾರ್ಖಾನೆ ಮುಚ್ಚಿದ ವರ್ಷ. ಬಾಡಿಗೆ ಮನೆಗಳಿಗೆಲ್ಲ ನಗರಸಭೆಯ ಪರವಾನಗಿ ಬೇಕು, ತಪಾಸಣೆಯಲ್ಲಿ ಪಾಸಾದರೆ ಮಾತ್ರ ಅದು ಸಿಗುತ್ತದೆ ಎಂಬ ಕಾಯಿದೆ ಆಗಷ್ಟೇ ಜಾರಿಯಾಗಿತ್ತು. ನಾನು ಪರವಾನಗಿ ಬರೆದುಕೊಡುವ ಕೌಂಟರಿನಲ್ಲಿ ಕೂರುತ್ತಿದ್ದೆ, ಅವನು ಮನೆಮನೆ ಸುತ್ತುತ್ತಿದ್ದ. ಇಪ್ಪತ್ತೈದು ವರ್ಷ ಅವನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಿ ನನ್ನ ಕಣ್ಣು ಹಾಳಾಯಿತು ಎಂದು ಅವನನ್ನು ಬೈಯುತ್ತಲೇ ಇದ್ದೆ.

ಅವನದೊಂದು ವಿಚಿತ್ರ ಅಭ್ಯಾಸವಿತ್ತು. ಪ್ರತಿ ಮಲಗುವ ಕೋಣೆಯಲ್ಲೂ ಕಣ್ಣು ಮುಚ್ಚಿ ನೆಲದ ಮೇಲೆ ತೆವಳಿಕೊಂಡು ಕಿಟಕಿಯವರೆಗೆ ಹೋಗಿ, ಅದನ್ನು ತೆರೆದು ನೋಡುತ್ತಿದ್ದ. ಆರಡಿ ಎತ್ತರದ ಆಳು ಹಾಗೆ ತೆವಳುವುದನ್ನು ಕಂಡು ಮನೆ ಮಾಲೀಕರು ನಗುತ್ತಿದ್ದರು. "ಹೊಗೆ ತುಂಬ್ಕೊಂಡಾಗ ನೀವೂ ಹೀಗೇ ಬರೋದು ಕಣ್ರೀ," ಎನ್ನುತ್ತಿದ್ದ ಅವನು, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ.

ಒಂದು ಅಕ್ಟೋಬರಿನಲ್ಲಿ ಬ್ರೋನಿಯಾ ಕ್ಲಿಮೆಕ್ ಎಂಬವಳ ಮನೆಯ ಕಡತ ಅವನ ಪಾಲಿಗೆ ಬಂತು. ಪೋಲಿಷರ ಚರ್ಚಿನ ಹಿಂದಿನ ಬೀದಿಯ ಎರಡು ಅಂತಸ್ತಿನ ಮರದ ಮನೆ. ಎಂಬತ್ನಾಲ್ಕರ ಮುದುಕಿ ಕೆಳಗಿದ್ದಳು. ವರ್ಷಗಟ್ಟಲೆ ಖಾಲಿ ಬಿದ್ದಿದ್ದ ಮೇಲಿನ ಅಂತಸ್ತಿನಲ್ಲಿ ಈಗ, ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಕೊರೀನ್ ತನ್ನ ಅಪ್ಪನೊಂದಿಗೆ ಬಾಡಿಗೆಗಿದ್ದಳು.

ವರ್ನೆಲ್ ಕಡತ ಹಿಡಿದು ಸಾಹೇಬರ ಬಳಿ ಹೋದ. "ನಾನು ಮದುವೆ ಆದ ಹೊಸದ್ರಲ್ಲಿ ಅಲ್ಲೇ ಬಾಡಿಗೆಗಿದ್ದೆ. ಬೇರೆಯವ್ರನ್ನ ಕಳ್ಸಿ."

"ಮೂವತ್ತು ವರ್ಷದ ಹಿಂದಿನ ಮಾತು ಅದು. ಹೋಗಿ ಬಾ," ಎಂದರು ಸಾಹೇಬರು.

ಹೋದ. ಮುದುಕಿ ಅವನನ್ನು ಅಪ್ಪಿಕೊಂಡು, ಗಸಗಸೆ ತುಂಬಿದ ರೊಟ್ಟಿ ಕೊಯ್ದಿಟ್ಟಳು. ತಪಾಸಣೆಯ ಮನೆಯಲ್ಲಿ ಒಂದು ತೊಟ್ಟು ನೀರೂ ಕುಡಿಯುವಂತಿಲ್ಲ ಎಂದು ಅವನು ಕೈಮುಗಿದು ಮೇಲೆ ಹೋದ. ಹಿಂದಿನ ಕೋಣೆಯಲ್ಲಿ ಕೊರೀನಳ ಅಪ್ಪ ಮಲಗುತ್ತಿದ್ದ. ಕಾಲು ಸ್ವಾಧೀನವಿಲ್ಲದ ಮನುಷ್ಯ. ವರ್ನೆಲ್ ಕಣ್ಣು ಮುಚ್ಚಿ ತೆವಳಿದ. ಮೇಲಕ್ಕೆ ಸರಿಸಿ ತೆರೆಯುವ ಆ ಕಿಟಕಿ ಅಲುಗಲಿಲ್ಲ. ಚೌಕಟ್ಟಿನ ಸುತ್ತ ಬಣ್ಣ ಬಳಿದುಕೊಂಡ ಹನ್ನೆರಡು ಮೊಳೆಗಳಿದ್ದವು.

ಅನುತ್ತೀರ್ಣ ಎಂದು ಬರೆದು ಕೆಳಗೆ ಬಂದು ಹೇಳಿದ.

"ಮೊಳೆ ಹೊಡೆದೋನು ಯಾರೋ?" ಎಂದಳು ಬ್ರೋನಿಯಾ.

"ನಾನೇ ಅಮ್ಮ."

"ದೀಪ ಹಿಡ್ಕೊಂಡು ನಿಂತಿದ್ದೋಳು?"

"ನೀವು."

"ಈಗ ನಂದು ತಪ್ಪು ಅಂತ ಬರ್ಕೊಂಡು ಹೋಗ್ತಿದೀಯ. ಹೋಗು. ಟೋಪಿ ಮರೀಬೇಡ."

ಮಧ್ಯಾಹ್ನ ನನ್ನ ಕೌಂಟರಿನ ಮುಂದೆ ನಿಂತು ಆ ಹಳೆಯ ಕಥೆ ಹೇಳಿದ. ಆಗ ಅವನಿಗೆ ಇಪ್ಪತ್ನಾಲ್ಕು, ಹೆಂಡತಿ ಒಡೆಸ್ಸಾ ಬಸುರಿ. ಆರು ಮನೆಯವರು ಇವರ ಕಪ್ಪು ಮೈಬಣ್ಣ ನೋಡಿದೊಡನೆ "ಮನೆ ಈಗಷ್ಟೇ ಹೋಯ್ತಲ್ಲ" ಎಂದಿದ್ದರು. ಏಳನೆಯವಳು ಬ್ರೋನಿಯಾ. "ಹಿಮ ಎತ್ತಿಹಾಕೋಕೆ ಬರುತ್ತಾ?" ಎಂದು ಕೇಳಿ ಬೀಗದಕೈ ಕೊಟ್ಟಳು. ಎರಡನೇ ವಾರ ಯಾರೋ ಜಗುಲಿಯ ಮಾಡು ಹತ್ತಿ ಆ ಕಿಟಕಿಯ ಗಾಜು ಒಡೆದರು. ಮತ್ತೆ ಯಾರೂ ಒಳನುಗ್ಗದಿರಲೆಂದು ಮೊಳೆ ಹೊಡೆದದ್ದು ಆ ಸಂಜೆ. ಇವರಿಗೆ ಮನೆ ಕೊಟ್ಟಳೆಂದು ಬೀದಿಯ ಹೆಂಗಸರು ಈಸ್ಟರ್‌ವರೆಗೂ ಬ್ರೋನಿಯಾಳನ್ನು ಮಾತಾಡಿಸಲಿಲ್ಲ. ಅವಳೂ ತಲೆಕೆಡಿಸಿಕೊಳ್ಳಲಿಲ್ಲ.

"ಕಿಟಕಿ ನಾನೇ ಸರಿಮಾಡ್ಕೊಡ್ತೀನಿ," ಎಂದ ವರ್ನೆಲ್.

"ನೀನೇ ರಿಪೇರಿ ಮಾಡಿ ನೀನೇ ಪಾಸು ಮಾಡಿದ್ರೆ ಕೆಲಸ ಹೋಗತ್ತೆ," ಎಂದೆ.

"ಅದಕ್ಕೇ ಕಡತ ಟ್ವೈಲಾಗೆ ಕೊಡು."

ಟ್ವೈಲಾ ಅವನೇ ತರಬೇತಿ ಕೊಟ್ಟ ಹೊಸ ತಪಾಸಕಿ. ಸಾಹೇಬರು ಒಪ್ಪಿ ಸಹಿ ಹಾಕಿದರು. ಶನಿವಾರ ಏಣಿ ಹಿಡಿಯಲು ನಾನೂ ಹೋದೆ. ಬ್ರೋನಿಯಾ ಬಾಗಿಲು ತೆರೆದಳೇ ಹೊರತು ಮಾತಾಡಲಿಲ್ಲ. ಮೊಳೆಗಳೋ, ಮರದೊಳಗೆ ಬೇರು ಬಿಟ್ಟಂತಿದ್ದವು. ಏಳನೆಯದು ಕೀಳುವಾಗ ಇಡೀ ಚೌಕಟ್ಟು ಸೀಳಿತು. ವರ್ನೆಲ್ ಹೊಸ ಮರ ತಂದು, ಕೊಯ್ದು, ಉಜ್ಜಿ ಕೂರಿಸಿದ. ಕೊರೀನಳ ಅಪ್ಪ ಮಂಚದ ಮೇಲಿಂದಲೇ, "ಎಡಕ್ಕೆ ಓರೆ ಆಯ್ತು, ಮೇಸ್ತ್ರಿ," ಎಂದು ಚುಡಾಯಿಸುತ್ತಿದ್ದ. ಓರೆಯಾಗಿಯೂ ಇತ್ತು. ಸಂಜೆ ಕಿಟಕಿ ಮೇಲೆ ಸರಿದು ತಣ್ಣನೆ ಗಾಳಿ ಒಳಗೆ ನುಗ್ಗಿದಾಗ, ಬಾಗಿಲಲ್ಲಿ ನಿಂತಿದ್ದ ಬ್ರೋನಿಯಾ, "ಸಾಕು ಮುಚ್ಚೋ, ಚಳಿ," ಎಂದಳು. ಒಂದು ವಾರದಲ್ಲಿ ಅವನೊಂದಿಗೆ ಅವಳಾಡಿದ ಮೊದಲ ಮಾತು.

ಮಂಗಳವಾರ ಟ್ವೈಲಾ ಹೋದಳು. ಕಣ್ಣು ಮುಚ್ಚಿ ತೆವಳಿದಳು, ಕಿಟಕಿ ಎತ್ತಿದಳು. ಎತ್ತಿ ಕೈಬಿಟ್ಟರೆ ಅದು ಧೊಪ್ಪೆಂದು ಬಿತ್ತು. ವರ್ನೆಲ್ ಪಕ್ಕದಲ್ಲಿ ಒಂದು ಕೋಲು ಇಟ್ಟಿದ್ದ, ಆನಿಸಿ ನಿಲ್ಲಿಸಲು.

"ಕೋಲಿಲ್ದೆ ನಿಲ್ಬೇಕು," ಎಂದಳು ಟ್ವೈಲಾ, ಕಚೇರಿಗೆ ಮರಳಿ ವರ್ನೆಲ್‌ಗೆ. "ಹೊಗೇಲಿ ಕೋಲು ಹುಡುಕ್ತಾ ಕೂರೋದಾ? ಇದು ನೀವೇ ಹೇಳ್ಕೊಟ್ಟಿದ್ದು."

ಅನುತ್ತೀರ್ಣ. ನನ್ನ ಕೌಂಟರಿಗೆ ಬಂದ ಆ ಹಾಳೆಯನ್ನು ನಾನು ಇಡೀ ಕಚೇರಿಗೆ ಓದಿ ಹೇಳಿದೆ. ವರ್ನೆಲ್ ತಲೆ ಕೆರೆದುಕೊಂಡ. ಬ್ರೋನಿಯಾ ಮಾತ್ರ ಹಿಗ್ಗಿಹೋಗಿದ್ದಳಂತೆ. ಟ್ವೈಲಾಳನ್ನು ಬೀಳ್ಕೊಡುವಾಗ, "ಅವನಿಗೆ ಇನ್ನೂ ಸ್ವಲ್ಪ ಬೈ ಮಗಳೇ, ನನ್ನ ಲೆಕ್ಕದಲ್ಲಿ," ಎಂದಳಂತೆ. ಮರುದಿನ ಅವನಿಗೆ ಫೋನು ಮಾಡಿ ಊಟಕ್ಕೆ ಕರೆದಳು. ಈಗ ಕಡತ ಅವನದಲ್ಲ, ಹಾಗಾಗಿ ತಿನ್ನಬಹುದಿತ್ತು. ಕೋಸು ತುಂಬಿದ ಕಡುಬು ಹದಿನೇಳು ತಿಂದು, ಎತ್ತಿದ ಕಿಟಕಿ ತಾನಾಗಿಯೇ ನಿಲ್ಲುವಂತೆ ಚೌಕಟ್ಟಿನೊಳಗೆ ಹಗ್ಗವೂ ತೂಕದ ಗುಂಡೂ ಕಟ್ಟಿ ಬಂದ. ಮೂರನೆಯ ಸಲ ಮನೆ ಪಾಸಾಯಿತು. ಪರವಾನಗಿಯನ್ನು ನಾನೇ ಬರೆದುಕೊಟ್ಟೆ.

ಬ್ರೋನಿಯಾ ಇನ್ನೆರಡು ಚಳಿಗಾಲ ಬದುಕಿದ್ದಳು. ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ವರ್ನೆಲ್ ಒಬ್ಬ. ಅವಳ ತಂಗಿಯ ಮಗ ಮನೆಯನ್ನು ಕೊರೀನಳಿಗೇ ಮಾರಿದ. ಕೊರೀನ್ ಅಪ್ಪನನ್ನು ಕೆಳಗಿನ ಕೋಣೆಗೆ ಇಳಿಸಿದಳು. ಅದಿನ್ನು ಬಾಡಿಗೆ ಮನೆಯಲ್ಲ, ಮಾಲೀಕರೇ ವಾಸವಿದ್ದಾರೆ ಎಂದು ಷರಾ ಬರೆದು ನಾನು ಕಡತ ಮುಚ್ಚಿದೆ.

"ಇನ್ಮೇಲೆ ಅಲ್ಲಿ ನಮಗೇನೂ ಕೆಲಸ ಇಲ್ಲ ಕಣೋ," ಎಂದೆ.

"ನಿನಗಿಲ್ಲ," ಎಂದ ವರ್ನೆಲ್. ಅವನಿಗೆ ಆ ಭಾನುವಾರ ಕೊರೀನಳ ಅಪ್ಪನೊಂದಿಗೆ ಇಸ್ಪೀಟಾಟವಿತ್ತು.