ಸುಮ್ಮನೆ ಹಾಕಿದ ಆಣೆ

೨೦೦೮ರ ಮಾತು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಗೋದಾಮಿನಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಮನೆ ಡೊಂಬಿವಲಿಯಲ್ಲಿ. ನಾವು ಉಡುಪಿ ಕಡೆಯ ಕ್ರೈಸ್ತರು. ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದೆಂದು ಸಂಡೇ ಸ್ಕೂಲಿನಲ್ಲೇ ಬಾಯಿಪಾಠ ಮಾಡಿದವರು. ಆದರೆ ಮಾರ್ಕೆಟ್ಟಿನಲ್ಲಿ ಲಾರಿ ಡ್ರೈವರನಿಂದ ಮಾಲೀಕ ಸೇಠನವರೆಗೆ ಎಲ್ಲರದೂ ಮಾತಿಗೊಂದು ಆಣೆ. ಒಬ್ಬ 'ಆಯಿ ಶಪಥ್' ಎಂದು ತಾಯಿಯ ಮೇಲೆ ಆಣೆ ಹಾಕಿದರೆ ಇನ್ನೊಬ್ಬ 'ಭಗವಾನ್ ಕಸಮ್' ಎಂದು ದೇವರ ಮೇಲೆ. ನಾಲ್ಕು ವರ್ಷದಲ್ಲಿ ಆ ಚಾಳಿ ನನಗೂ ಅಂಟಿತು. ಲಾರಿ ಹೊರಟಿತು, ಯೇಸುವಿನಾಣೆ. ಊಟ ಆಯಿತು, ಯೇಸುವಿನಾಣೆ. ಅದು ತಪ್ಪು ಅನಿಸುವುದೂ ನಿಂತುಹೋಗಿತ್ತು.

ಕ್ರೇನಿನ ಕೆಳಗೆ ನಿಂತು ಕಬ್ಬಿಣದ ತಗಡುಗಳನ್ನು ಲಾರಿಗೆ ಇಳಿಸಿಕೊಳ್ಳುತ್ತಿದ್ದವರು ಕುಂದಾಪುರದ ಶೇಖರಣ್ಣ. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ. ಇಡೀ ಗೋದಾಮಿನಲ್ಲಿ ಕನ್ನಡದವರು ನಾವಿಬ್ಬರೇ. ಕ್ರೇನಿನ ಉಕ್ಕಿನ ಹಗ್ಗ ಮೇಲ್ಗಡೆ ಎಳೆ ಬಿಡುತ್ತಿದೆ ಎಂದು ಅವರು ನನಗೆ ಹೇಳಿ ಎರಡು ದಿನವಾಗಿತ್ತು. ಹೊಸ ಹಗ್ಗ ಬಂದು ಸ್ಟೋರಿನಲ್ಲಿತ್ತು. ಹಾಕಿಸಬೇಕಾದವನು ನಾನು. ನಾಳೆ ನಾಳೆ ಎನ್ನುತ್ತ ಉಳಿಸಿದ್ದೆ.

ಆ ಶನಿವಾರ ಬೆಳಿಗ್ಗೆ ಮೂರು ಲಾರಿಗಳು ಕಾಯುತ್ತಿದ್ದವು, ಸೇಠ ಫೋನಿನಲ್ಲಿ ಕೂಗಾಡುತ್ತಿದ್ದ. ಶೇಖರಣ್ಣ ಬಂದು, "ಡೇವಿಡರೇ, ಹಗ್ಗ ಬದಲು ಮಾಡಿಸಿದ್ರಾ?" ಎಂದು ಕೇಳಿದರು.

"ನಿನ್ನೆ ಸಂಜೆಯೇ ಆಯ್ತು ಮಾರಾಯ್ರೆ, ಯೇಸುವಿನಾಣೆ," ಎಂದುಬಿಟ್ಟೆ. ಈ ಮೂರು ಲಾರಿ ಹೋಗಲಿ, ಮಧ್ಯಾಹ್ನ ಹಾಕಿಸಿದರಾಯಿತು ಎಂದುಕೊಂಡಿದ್ದೆ.

ಅವರು ತಲೆಯಾಡಿಸಿ ಕೆಲಸಕ್ಕೆ ಹೋದರು. ಎರಡನೆಯ ಲಾರಿ ತುಂಬುವಾಗ ಹಗ್ಗ ಕಡಿದು ತಗಡುಗಳು ಅವರ ಬಲಗಾಲಿನ ಮೇಲೆ ಬಿದ್ದವು. ನಾನು ಓಡಿ ಬಂದಾಗ ಅವರು ಕೂಗುತ್ತಲೂ ಇರಲಿಲ್ಲ, ಬಾಯಿ ತೆರೆದು ಮೇಲೆ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಎಂಟು ದಿನ ನನಗೆ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಒಂಬತ್ತನೆಯ ದಿನ ಹೋದೆ. ಅವರ ಹೆಂಡತಿ ಚಹಾ ತರಲು ಹೊರಗೆ ಹೋದಾಗ ಹೇಳಿದೆ: "ಶೇಖರಣ್ಣ, ಹಗ್ಗ ಬದಲು ಮಾಡಿಸಿರಲಿಲ್ಲ. ನಾನು ಸುಳ್ಳು ಹೇಳಿದೆ."

"ಗೊತ್ತಾಯ್ತು," ಎಂದರು. ಬೈಯಲಿಲ್ಲ. "ನೀವು ಬರೀ 'ಆಯ್ತು' ಅಂದಿದ್ರೆ ನಾನು ಏಣಿ ಹತ್ತಿ ಒಮ್ಮೆ ನೋಡ್ತಿದ್ದೆ. ದೇವರ ಹೆಸರು ಹೇಳಿದ್ರಲ್ಲ. ಮತ್ತೆ ಹತ್ತಿ ನೋಡೂದು ಸರಿಯಲ್ಲ ಅಂತ ಕಂಡಿತು," ಎಂದರು.

ನಾನು ದಿನಕ್ಕೆ ಹತ್ತು ಸಲ ಹಾಕುತ್ತಿದ್ದ ಆಣೆಯನ್ನು ಆ ಮನುಷ್ಯ ಪ್ರತಿ ಸಲವೂ ನಂಬಿದ್ದರು.

ಸೇಠನ ಮುಂದೆಯೂ ತಪ್ಪು ಒಪ್ಪಿಕೊಂಡೆ, ಕೆಲಸ ಬಿಟ್ಟೆ. ಅದರಿಂದ ಅವರ ಕಾಲು ಬರಲಿಲ್ಲ. ಅವರು ಊರಿಗೆ ಹೋದರು. ಈಗಲೂ ಭಾನುವಾರದ ಪ್ರಾರ್ಥನೆಯಲ್ಲಿ ದೇವರ ನಾಮ ಪರಿಶುದ್ಧವಾಗಲಿ ಎನ್ನುವಲ್ಲಿಗೆ ಬಂದಾಗ ನಾನು ಅಲ್ಲೇ ನಿಂತುಬಿಡುತ್ತೇನೆ, ಉಳಿದವರು ಮುಂದಿನ ಸಾಲಿಗೆ ಹೋಗುತ್ತಾರೆ. ನನ್ನ ದೇವರ ಹೆಸರಿಗೆ ಬೆಲೆ ಕೊಟ್ಟವರು ಶೇಖರಣ್ಣ. ಅವರು ಒಂದು ದಿನವೂ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ.