ನಲವತ್ತೆರಡನೆಯ ಪತ್ರದ ಅರಿಶಿನ

ಯಾರಾದರೂ ವಿಚಿತ್ರ ಅನುಭವ ಹೇಳಲು ಬಂದರೆ ನಾನು ಮೊದಲು ದಿನಾಂಕ ಕೇಳುತ್ತಿದ್ದೆ. ಅವರು ತಡವರಿಸಿದರೆ ನಂಬುವುದನ್ನು ಅಲ್ಲಿಗೇ ಬಿಡುತ್ತಿದ್ದೆ. ಈಗ ಹೇಳುವ ಘಟನೆಯ ದಿನಾಂಕಗಳೆಲ್ಲ ನನ್ನ ದಿನಚರಿಯಲ್ಲಿವೆ. ಅದರಿಂದ ಏನೂ ಪ್ರಯೋಜನವಾಗಿಲ್ಲ.

2014ರಲ್ಲಿ ನಾನು ಅಮೆರಿಕದ ರೆಂಟನ್‌ನಲ್ಲಿದ್ದೆ. ಶನಿವಾರಗಳಂದು ನಾವು ಕೆಲವರು ಲೈಬ್ರರಿಯಲ್ಲಿ ಸೇರಿ, ಮೊರಾಕೊದಲ್ಲಿ ಮನೆಗೆಲಸದಲ್ಲಿ ಸಿಕ್ಕಿಬಿದ್ದ ಚಿಕ್ಕ ಹುಡುಗಿಯರನ್ನು ಬಿಡಿಸಿ ಎಂದು ಅಲ್ಲಿನ ಅಧಿಕಾರಿಗಳಿಗೆ ಕೈಯಲ್ಲೇ ಪತ್ರ ಬರೆಯುತ್ತಿದ್ದೆವು. ನನ್ನ ಪತ್ರಗಳ ನೆತ್ತಿಯ ಮೇಲೆ ಸಂಖ್ಯೆ ಇರುತ್ತಿತ್ತು. ನಲವತ್ತೆರಡನೆಯದು ಜಹ್ರಾಳಿಗಾಗಿ. ಅವಳಿಗೆ ಹನ್ನೊಂದು ವರ್ಷ. ಬೆಟ್ಟದ ಹಳ್ಳಿಯಿಂದ ಕಾಸಾಬ್ಲಾಂಕಾದ ಮನೆಯೊಂದಕ್ಕೆ ಬಂದವಳು. ಎರಡು ವರ್ಷದಿಂದ ತಾಯಿ ಅವಳ ದನಿಯನ್ನೂ ಕೇಳಿರಲಿಲ್ಲ.

ಮಾರ್ಚ್ 15ರಂದು ಆ ಪತ್ರವನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ, ಮೈಸೂರಿನಿಂದ ಬಂದಿದ್ದ ದೊಡ್ಡಮ್ಮ ಅದರ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದರು.

“ದೊಡ್ಡಮ್ಮ! ಇದೇನು ಲಗ್ನಪತ್ರಿಕೆನಾ? ಗವರ್ನಮೆಂಟ್‌ಗೆ ಹೋಗೋದು!”

“ಗೊತ್ತು ಕಣೇ. ಒಳ್ಳೇ ಕೆಲಸಕ್ಕೆ ಹೊರಟಿರೋ ಕಾಗದ, ಬೋಳಾಗಿ ಕಳಿಸ್ತಾರಾ?”

ಕಲೆಯಾದ ಹಾಳೆ ನೋಡಿ ಅಧಿಕಾರಿ ಪಕ್ಕಕ್ಕೆಸೆದರೆ ಆ ಮಗುವಿನ ಗತಿ? ಬಿಳಿ ಹಾಳೆ ಹಿಡಿದು ಅಂಚೆ ಕಚೇರಿಗೆ ಹೋದೆ. ಅಲ್ಲೇ ನಿಂತು ಮತ್ತೆ ಬರೆದು, ಅದೇ ಸಂಖ್ಯೆ ಹಾಕಿ, ಲಕೋಟೆ ಅಂಟಿಸಿ ಕಳಿಸಿದೆ. ಅರಿಶಿನದ ಹಾಳೆಯನ್ನು ಫೈಲಿನಲ್ಲಿಟ್ಟೆ.

ಆಗಸ್ಟ್ 9ರ ಸಂಜೆ ನಮ್ಮ ಗುಂಪಿಗೆ ಒಂದು ಫೋಟೊ ಬಂತು. ಜಹ್ರಾ ತನ್ನ ಮನೆಯ ಬಾಗಿಲಲ್ಲಿ ತಾಯಿಗೆ ಒರಗಿ ನಿಂತಿದ್ದಳು. ಅವಳಿಗಾಗಿ ಬಂದ ಪತ್ರಗಳಲ್ಲಿ ಒಂದನ್ನು ಅಲ್ಲಿನ ಕಾರ್ಯಕರ್ತರು ನೆನಪಿಗೆಂದು ಅವಳಿಗೇ ಕೊಟ್ಟಿದ್ದರು. ಅವಳ ಕೈಯಲ್ಲಿದ್ದುದು ನನ್ನ ಅಕ್ಷರ. ನೆತ್ತಿಯ ಮೇಲೆ 42. ನಾಲ್ಕೂ ಮೂಲೆ ಹಳದಿ.

ಎದ್ದು ಫೈಲು ತೆರೆದೆ. ಅರಿಶಿನದ ಹಾಳೆ ಇಟ್ಟಲ್ಲೇ ಇತ್ತು.

ಅಲ್ಲಿಯೂ ಅಡುಗೆಗೆ ಅರಿಶಿನ ಬಳಸುತ್ತಾರೆ, ಯಾರದೋ ಕೈ ತಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಮೂಲೆಯಾಗಿದ್ದರೆ ಒಪ್ಪಿಬಿಡುತ್ತಿದ್ದೆ. ಇನ್ನೂ ನಮ್ಮಲ್ಲೇ ಇದ್ದ ದೊಡ್ಡಮ್ಮನಿಗೆ ಫೋಟೊ ತೋರಿಸಿದರೆ ಅವರು ಕಾಗದದ ಕಡೆ ನೋಡಲೇ ಇಲ್ಲ. “ಅಮ್ಮನ ಸೆರಗು ಹೆಂಗೆ ಹಿಡ್ಕೊಂಡಿದೆ ನೋಡೇ, ಇನ್ನು ಬಿಡಲ್ಲ ಅದು” ಎಂದು ಕಣ್ಣೊರೆಸಿಕೊಂಡರು. ಅದು ಸೆರಗಲ್ಲ, ಶಾಲು. ತಿದ್ದಲು ಮನಸ್ಸಾಗಲಿಲ್ಲ.

ಆ ದಿನದ ಪುಟದಲ್ಲಿ ‘ಕಾರಣ’ ಎಂದು ಬರೆದು ಜಾಗ ಬಿಟ್ಟಿದ್ದೇನೆ. ಇಷ್ಟು ವರ್ಷವಾದರೂ ಅಲ್ಲಿ ಬರೆಯಲು ಏನೂ ಸಿಕ್ಕಿಲ್ಲ. ಕೆಳಗಿನ ಸಾಲನ್ನು ಮಾತ್ರ ಆಗಾಗ ತೆರೆದು ಓದುತ್ತೇನೆ: ಜಹ್ರಾ ಮನೆ ಸೇರಿದಳು.