ಅಕ್ಕ ಮತ್ತೆ ಉಣ್ಣತೊಡಗಿದ ಮೇಲೆ

ಪ್ಲೇಗು ಬಂದು ಹೋದ ಮರುವರ್ಷ ನನ್ನ ಅಕ್ಕ ಊಟವನ್ನು ಬಿಟ್ಟೇಬಿಟ್ಟಂತಿದ್ದಳು. ತಾಟಿನ ಅಗುಳು ಎಣಿಸಿ ಎದ್ದುಬಿಡುತ್ತಿದ್ದಳು. ಆಗ ನನಗೆ ಹತ್ತು, ಅವಳಿಗೆ ಹದಿನೇಳು. ಗಾಳಿ ಸೋಕಿದೆ ಎಂದು ಇಳಕಲ್ಲಿನ ನಮ್ಮ ಓಣಿಯವರು ಹೇಳಿದರು. ಅಪ್ಪ ತುಳಸಿಗೇರಿಯ ಹನುಮಪ್ಪನಿಗೆ ಹರಕೆ ಹೊತ್ತ. ಕೊನೆಗೆ ಪಕ್ಕದ ಮನೆಯ, ನೂಲಿಗೆ ಬಣ್ಣ ಹಾಕುವ ಮುದುಕಿ ದಿನಾಲೂ ತನ್ನ ತಾಟು ಹಿಡಿದು ಬಂದು, ಅಕ್ಕನ ಎದುರು ಕೂತು, ಏನೂ ಹೇಳದೆ ಉಂಡು ಹೋಗತೊಡಗಿದಳು. ಎಷ್ಟೋ ತಿಂಗಳು ಹೀಗೇ ನಡೆಯಿತು. ನಿಧಾನಕ್ಕೆ ಅಕ್ಕನೂ ಉಣ್ಣತೊಡಗಿದಳು.

ಗುಣವಾಯಿತು ಎಂದುಕೊಂಡೆವು. ಗುಣವಾದದ್ದೂ ಖರೆ. ಆದರೆ ಅನ್ನದ ಅಗುಳು ಎಣಿಸುತ್ತಿದ್ದ ಆ ಕಣ್ಣು ಹಾಗೇ ಉಳಿದು, ಅವಳು ನೇಯುತ್ತಿದ್ದ ಮನೆಯ ಮಗ್ಗದ ಕಡೆ ಹೊರಳಿತು.

ಒಂದು ಸೀರೆ ನೇಯ್ದು ಕೊಟ್ಟು ಎಂಟು ದಿನವಾಗಿತ್ತು. ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೈ ನಿಲ್ಲಿಸಿ, “ಸೆರಗಿನ ಮೂರನೇ ತೆನಿಯೊಳಗ ಒಂದು ಎಳಿ ಕಡಿಮಿ ಐತಿ,” ಅಂದಳು. ಸೆರಗಿನಲ್ಲಿ ಸಾಲಾಗಿ ನೇಯುವ ಚೂಪು ಚಿತ್ತಾರವೇ ತೆನಿ.

“ಯಾರು ನೋಡ್ತಾರ?” ಅಂದ ಅಪ್ಪ.

“ನಾ ನೋಡೀನಲ್ಲ.”

ಹುನಗುಂದದಲ್ಲಿ ಅಂದೇ ಆ ಸೀರೆ ಉಡುವ ಮದುಮಗಳ ಮದುವೆ. ಹಠಕ್ಕೆ ಸೋತು ಅಪ್ಪ ಚಕ್ಕಡಿ ಹೂಡಿದ. ನಾನೂ ಹತ್ತಿದೆ. ನಾವು ಹೋದಾಗ ಮದುಮಗಳು ಅದೇ ಸೀರೆಯುಟ್ಟು ಹಂದರದಲ್ಲಿ ಕೂತಿದ್ದಳು. ಅಕ್ಕ ನೆಟ್ಟಗೆ ಹೋಗಿ ಅವಳ ಹಿಂದೆ ಕೂತು ಸೆರಗು ಹಿಡಿದು, ಸೂಜಿ ನೂಲು ತೆಗೆದಳು.

“ಯಾರವಾ ನೀ?” ಅಂದಳು ವರನ ತಾಯಿ.

“ಸೀರಿ ನೇಯ್ದಾಕಿರಿ. ಸ್ವಲ್ಪ ಕೆಲಸ ಉಳದೈತಿ.”

ಸೂಜಿ ಚುಚ್ಚೀತೆಂದು ಮದುಮಗಳು ಅಲುಗಲಿಲ್ಲ. ಮದುವೆ ಮಾಡಿಸುವ ಐನೋರು ಅಕ್ಕಿಕಾಳು ಹಿಡಿದ ಕೈ ಎತ್ತಿಕೊಂಡೇ ಕೂತರು. ಮದುಮಗ ಬಾಗಿ ನೋಡಿ, “ಆತೇನ್ರಿ?” ಎಂದು ಕೇಳಿದ.

“ತಡೀರಿ, ಅವಸರ ಮಾಡಿದ್ರ ಸುಕ್ಕು ಬೀಳತೈತಿ.”

ಮುಹೂರ್ತ ದಾಟಿತೆಂದು ಯಾರೋ ಗೊಣಗಿದರು. ದಾಟಿಲ್ಲ ಎಂದರು ಐನೋರು. ಅವರೂ ಸೆರಗನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ನಾಲ್ಕೈದು ಹೆಂಗಸರು ತಮ್ಮ ಸೆರಗನ್ನೂ ಪರೀಕ್ಷಿಸಲೆಂದು ಸಾಲುಗಟ್ಟಿದ್ದರು. ಅಕ್ಕ ಒಬ್ಬರಿಗೂ ಸುಳ್ಳು ಹೇಳಲಿಲ್ಲ. ಇಬ್ಬರು ಅತ್ತೇಬಿಟ್ಟರು.

ಕೊನೆಗೆ ಅಕ್ಕ ನೂಲು ಕಡಿದಳು, ಅಕ್ಕಿಕಾಳು ಬಿದ್ದವು. ವರನ ತಾಯಿ ನಮ್ಮನ್ನು ಪಂಕ್ತಿಗೆ ಕೂರಿಸಿದಳು.

ಊರಿಗೆ ಮರಳುವಾಗ ಅಕ್ಕ, “ಅವರ ಹೋಳಿಗಿ ಒಂದು ದೊಡ್ಡದು, ಒಂದು ಸಣ್ಣದು. ಒಂದಕ್ಕೊಂದು ಹೊಂದಂಗಿಲ್ಲ,” ಅಂದಳು.

“ಮತ್ತ ನಾಕು ತಿಂದಿ?” ಅಂದ ಅಪ್ಪ.

“ರುಚಿ ಇದ್ವು.”

ಅಪ್ಪ ತಲೆಗೆ ಸುತ್ತಿದ ಪಟಗದ ತುದಿಯಿಂದ ಕಣ್ಣೊರೆಸಿಕೊಂಡು, ಎತ್ತುಗಳ ಬಾಲ ಮುಟ್ಟಿದ.